ಟೀಮ್ ಸರಿಯಾಗಿದ್ಯಾ ಅಂತ ನೋಡೋದು ಹೇಗೆ, ಇಲ್ದಿದ್ರೆ ಎಲ್ಲಿಂದ ಶುರು ಮಾಡ್ಬೇಕು

"ನಮ್ ಟೀಮಲ್ಲಿ ಜಗಳ ಗಿಗಳ ಏನಿಲ್ಲ, ಎಲ್ಲಾ ಚೆನ್ನಾಗಿದೆ" ಅಂತ ಎಷ್ಟೋ ಲೀಡ್‌ಗಳು (ಟೀಮ್ ನಡೆಸೋರು) ಹೇಳ್ತಾರೆ. ಜಗಳ ಇಲ್ಲ ಅನ್ನೋದು ಅಳತೆನೇ ಅಲ್ಲ. ಕೆಟ್ಟ ಸುದ್ದಿ ಎಷ್ಟು ಬೇಗ ಲೀಡ್ ಕಿವಿಗೆ ಬೀಳುತ್ತೆ, ಅದನ್ನ ನೋಡಿ ಮೊದ್ಲು.

ಸರ್ವೆ ಫಾರ್ಮ್ ಕಳ್ಸೋಕ್ ಮುಂಚೆ ಒಂದೆರಡು ವಾರ ಸುಮ್ನೆ ಸ್ಟ್ಯಾಂಡಪ್ (ಯಾರ ಕೆಲ್ಸ ಎಲ್ಲಿಗ್ ಬಂತು ಅಂತ ದಿನಾ ಹೇಳೋ ಚಿಕ್ಕ ಮೀಟಿಂಗ್) ಗಮನಿಸಿ. ಸೋಮವಾರದಿಂದ ಬುಧವಾರದವರೆಗೂ "ನೋ ಬ್ಲಾಕರ್ಸ್", ಅಂದ್ರೆ ಕೆಲ್ಸಕ್ಕೆ ಅಡ್ಡಿ ಏನಿಲ್ಲ, ಅಂತಿದ್ದ ಹುಡುಗ ಗುರುವಾರ ಸಂಜೆ ಆರಕ್ಕೆ ಮೆಲ್ಲಗೆ ಡೆಸ್ಕ್ ಹತ್ರ ಬಂದು "ಆ ಟೀಮಿಂದ ಆಕ್ಸೆಸ್ಸೇ ಬಂದಿಲ್ಲ ಸರ್" ಅಂದ್ರೆ, ಅವನಿಗೆ ಸೋಮವಾರನೇ ಗೊತ್ತಿತ್ತು, ಎಲ್ರ ಮುಂದೆ ಹೇಳೋ ಧೈರ್ಯ ಬರ್ಲಿಲ್ಲ ಅಷ್ಟೆ. ಹಾಗೇ ಮೀಟಿಂಗಲ್ಲಿ ಯಾರು ಬಾಯೇ ಬಿಡಲ್ಲ, ಯಾರು ರಜೆ ಹಾಕಿದ್ರೆ ಕೆಲ್ಸ ನಿಂತೋಗುತ್ತೆ, ನಿಜವಾದ ಚರ್ಚೆ ಮೀಟಿಂಗ್ ಮುಗಿದ್ಮೇಲೆ ಕೆಳಗೆ ಟೀ ಅಂಗಡಿ ಹತ್ರ ನಡೀತಿದ್ಯಾ, ಇದನ್ನೆಲ್ಲ ಬರ್ದಿಟ್ಕೊಳಿ.

ಏಮಿ ಎಡ್ಮಂಡ್‌ಸನ್ ಅನ್ನೋ ಸಂಶೋಧಕಿ 1990ರ ದಶಕದಲ್ಲಿ ಆಸ್ಪತ್ರೆ ಟೀಮ್‌ಗಳಲ್ಲಿ ಔಷಧಿ ಕೊಡೋವಾಗ ಆಗೋ ತಪ್ಪುಗಳನ್ನ ನೋಡೋಕೆ ಹೋದ್ರು. ಒಳ್ಳೆ ಟೀಮಲ್ಲಿ ತಪ್ಪು ಕಮ್ಮಿ ಇರುತ್ತೆ ಅಂದ್ಕೊಂಡಿದ್ರು, ಲೆಕ್ಕ ಉಲ್ಟಾ ಬಂತು, ಯಾಕಂದ್ರೆ ಅಲ್ಲಿ ತಪ್ಪಾದ್ರೆ ಮುಚ್ಚಿಡದೆ ಹೇಳ್ತಿದ್ರು. ಗೂಗಲ್ 2012ರಲ್ಲಿ ಶುರು ಮಾಡಿದ ಪ್ರಾಜೆಕ್ಟ್ ಅರಿಸ್ಟಾಟಲ್‌ನಲ್ಲೂ ಸುಮಾರು 180 ಟೀಮ್ ನೋಡಿ, ಟೀಮಲ್ಲಿ ಯಾರ್ಯಾರಿದಾರೆ ಅನ್ನೋದಕ್ಕಿಂತ ಒಟ್ಟಿಗೆ ಹೇಗೆ ಕೆಲ್ಸ ಮಾಡ್ತಾರೆ ಅನ್ನೋದೇ ಮುಖ್ಯ ಅಂತ ಬಂತು, ಅದ್ರಲ್ಲೂ ಭಯ ಇಲ್ದೆ ಮಾತಾಡೋಕಾಗೋದು ಮೊದಲನೇ ಸ್ಥಾನದಲ್ಲಿತ್ತು.

ಎಚ್‌ಆರ್ ಸ್ಲೈಡಲ್ಲಿ ಬರೋ ಫಾರ್ಮಿಂಗ್, ಸ್ಟಾರ್ಮಿಂಗ್, ನಾರ್ಮಿಂಗ್, ಪರ್ಫಾರ್ಮಿಂಗ್ (ಟೀಮ್ ಸೇರೋದು, ಕಿತ್ತಾಡೋದು, ಹೊಂದ್ಕೊಳ್ಳೋದು, ಚೆನ್ನಾಗಿ ಕೆಲ್ಸ ಮಾಡೋದು ಅನ್ನೋ ನಾಲ್ಕು ಹಂತ) ಇದ್ಯಲ್ಲ, ಅದು ಮನಶ್ಶಾಸ್ತ್ರಜ್ಞ ಬ್ರೂಸ್ ಟಕ್‌ಮನ್ 1965ರಲ್ಲಿ ಹೇಳಿದ್ದು. ಬೇರೆಯವರ ಅಧ್ಯಯನಗಳನ್ನ ಓದಿ ಮಾಡಿದ್ದು, ಅದ್ರಲ್ಲಿ ಥೆರಪಿ ಗುಂಪುಗಳೇ ಜಾಸ್ತಿ, ಆಫೀಸ್ ಟೀಮ್‌ಗಳಲ್ಲ. ಹಾಗಾಗಿ ರೈಲ್ವೆ ಸ್ಟೇಷನ್ ಥರ ಒಂದಾದ್ಮೇಲೊಂದು ಬಂದೇ ಬರುತ್ತೆ ಅಂತ ಕಾಯ್ಬೇಡಿ. ಇಬ್ರು ಹೊಸಬರು ಬಂದ್ರೆ, ಮ್ಯಾನೇಜರ್ ಬದಲಾದ್ರೆ, ಟೀಮ್ ಮತ್ತೆ ಹಿಂದಕ್ಕೆ ಹೋಗುತ್ತೆ, ಅಷ್ಟು ನೆನಪಿದ್ರೆ ಸಾಕು.

ಸರ್ವೆ ಮಾಡೋದಾದ್ರೆ 1ರಿಂದ 5ರವರೆಗೆ ಅಂಕ ಕೊಡೋ ಥರ ನಾಲ್ಕೈದು ಪ್ರಶ್ನೆ ಸಾಕು: ತಪ್ಪಾದ್ರೆ ಧೈರ್ಯವಾಗಿ ಹೇಳ್ಬೋದಾ, ಈ ವಾರ ನನ್ ಕೆಲ್ಸ ಏನು ಅಂತ ಸ್ಪಷ್ಟ ಇದ್ಯಾ, ಒಪ್ಕೊಂಡಿದ್ದನ್ನ ಬೇರೆಯವರು ಟೈಮಿಗೆ ಮಾಡ್ತಾರಾ, ಕೊನೇ ತೀರ್ಮಾನ ಯಾರದು ಅಂತ ಗೊತ್ತಾ. ಸರಾಸರಿ ನೋಡಿ ಖುಷಿ ಪಡ್ಬೇಡಿ. ಆರು ಜನರಲ್ಲಿ ನಾಲ್ವರು 5, ಇಬ್ರು 1 ಕೊಟ್ರೂ ಸರಾಸರಿ 3.7 ಬರುತ್ತೆ, ನೋಡೋಕೆ ಪರ್ವಾಗಿಲ್ಲ ಅನ್ಸುತ್ತೆ, ಆ ಇಬ್ರು ಆಗ್ಲೇ ರೆಸ್ಯೂಮ್ ಅಪ್‌ಡೇಟ್ ಮಾಡ್ತಿರ್ತಾರೆ. ಇನ್ನೊಂದು, ಅಷ್ಟು ಸಣ್ಣ ಟೀಮಲ್ಲಿ ಹೆಸ್ರಿಲ್ದೆ ಬರೆದ್ರೂ ಇಂಗ್ಲಿಷ್ ಶೈಲಿ ನೋಡಿ ಯಾರು ಅಂತ ಗೊತ್ತಾಗೋಗುತ್ತೆ, ಅದಕ್ಕೇ ಬೇರೆ ಟೀಮಿನ ನಂಬಿಕಸ್ಥರೊಬ್ರು ಒಬ್ಬೊಬ್ರನ್ನೇ ಕೂರಿಸ್ಕೊಂಡು ಕೇಳೋದು ವಾಸಿ.

ಸರಿ ಮಾಡೋದಕ್ಕೆ ಎಲ್ಲಾ ಒಟ್ಟಿಗೆ ಹಚ್ಕೋಬೇಡಿ. ಮೊದ್ಲು ಲೀಡ್ ಮೀಟಿಂಗಲ್ಲಿ ಕೊನೆಗೆ ಮಾತಾಡ್ಲಿ, ಸೀನಿಯರ್ ಅಭಿಪ್ರಾಯ ಮೊದ್ಲೇ ಬಂದ್ರೆ "ಹೌದು ಸರ್" ಬಿಟ್ರೆ ಇನ್ನೇನೂ ಬರಲ್ಲ. ಯಾರಾದ್ರೂ ಕೆಟ್ಟ ಸುದ್ದಿ ತಂದ್ರೆ "ಯಾಕ್ ಹೀಗಾಯ್ತು" ಅಂತ ಎಗರೋ ಬದ್ಲು "ಈಗ ಏನ್ ಬೇಕು ನಿಂಗೆ" ಅಂತ ಕೇಳ್ಲಿ. ಆಮೇಲೆ ತೀರ್ಮಾನ. ಬೆಂಗಳೂರಲ್ಲಿ ಲಂಚ್ ಟೇಬಲ್ ಭಾಷೆ ಪ್ರಕಾರ ಬೇರೆ ಬೇರೆ ಆಗೋದು ಸಹಜ, ಅದ್ರಲ್ಲೇನೂ ತಪ್ಪಿಲ್ಲ, ಆದ್ರೆ ಅಲ್ಲಿ ಕನ್ನಡದಲ್ಲೋ ತೆಲುಗಲ್ಲೋ ಹಿಂದಿಲೋ ಆದ ತೀರ್ಮಾನ ಅವತ್ತೇ ಗ್ರೂಪಲ್ಲಿ ಎಲ್ರಿಗೂ ಅರ್ಥ ಆಗೋ ಹಾಗೆ ಬೀಳ್ಬೇಕು. ಟೀಮ್ ದೊಡ್ಡದಾಗಿದ್ರೆ ಒಡೀರಿ, ಐದು ಜನರಲ್ಲಿ ಇಬ್ಬಿಬ್ರ ನಡುವಿನ ಸಂಬಂಧ 10, ಹತ್ತು ಜನ ಆದ್ರೆ 45.

ರೆಸಾರ್ಟ್ ಔಟಿಂಗ್ ಮಾಡಿ, ಬೇಡ ಅನ್ನಲ್ಲ, ಆದ್ರೆ ನೈಟ್ ಆನ್‌ಕಾಲ್ (ರಾತ್ರಿ ಏನಾದ್ರೂ ಕೆಟ್ರೆ ಎದ್ದು ನೋಡೋ ಪಾಳಿ) ಯಾವಾಗ್ಲೂ ಒಬ್ನಿಗೇ ಬೀಳ್ತಿದ್ರೆ ಝಿಪ್‌ಲೈನ್ ಏನೂ ಮಾಡಲ್ಲ, ರೋಸ್ಟರ್ ಬದಲಾಯಿಸ್ಬೇಕು.

ಮೂರು ತಿಂಗ್ಳು ಬಿಟ್ಟು ಅವೇ ಪ್ರಶ್ನೆ ಮತ್ತೆ ಕೇಳಿ. ಅಪ್ರೈಸಲ್ ತಿಂಗ್ಳಲ್ಲಿ ಮಾತ್ರ ಬೇಡ, ಆಗ ಎಲ್ರೂ 5 ಕೊಡ್ತಾರೆ.