ಒಂದು ‘ಕ್ಯಾಟ್’ ಕಮಾಂಡಿಗೆ ಕರ್ನಲ್ ಎಡವಿದ್ದು

ನಮ್ಮದೊಂದು ಆಕ್ಸಲರೋಮೀಟರ್ (ವೇಗೋತ್ಕರ್ಷ ಅಳೆಯುವ ಚಿಪ್) ಡ್ರೈವರ್ ಇತ್ತು, ಅಂದರೆ ಆ ಚಿಪ್ಪನ್ನು ನಡೆಸುವ ಕೋಡ್. ಲಿನಕ್ಸ್ ಕರ್ನಲ್‌ನ (ಆಪರೇಟಿಂಗ್ ಸಿಸ್ಟಂನ ತಿರುಳು) ಅಧಿಕೃತ ಕೋಡಿನ ಹೊರಗೇ ಬೆಳೆದದ್ದು. ಕರ್ನಲ್ ಆವೃತ್ತಿ 5.10ರಿಂದ 5.15ಕ್ಕೆ ತರುವ ಕೆಲಸ ನನಗೆ ಬಂತು. ಅರ್ಧ ದಿನದ ಕೆಲಸ ಅಂದುಕೊಂಡಿದ್ದೆ.

ಚಿಪ್‌ನೊಳಗೆ 32 ಸ್ಯಾಂಪಲ್ ಹಿಡಿಯುವ ಫೈಫೋ (ಮೊದಲು ಬಂದದ್ದು ಮೊದಲು ಹೊರಹೋಗುವ ಸಾಲು) ಇದೆ. ಎಷ್ಟು ತುಂಬಿದಾಗ ಇಂಟರಪ್ಟ್ (ಪ್ರೊಸೆಸರನ್ನು ಎಚ್ಚರಿಸುವ ಸಂಕೇತ) ಬರಬೇಕು ಎಂಬುದೇ ವಾಟರ್‌ಮಾರ್ಕ್. ಅದನ್ನು, ಅದರ ಕನಿಷ್ಠ, ಗರಿಷ್ಠಗಳನ್ನು ಸಿಸ್‌ಎಫ್‌ಎಸ್ ಫೈಲ್‌ಗಳಾಗಿ ತೋರಿಸುತ್ತೇವೆ; ಇವು ಕರ್ನಲ್ ಒಳಗಿನ ಬೆಲೆಗಳನ್ನು ಓದಲು ಕೊಡುವ ಫೈಲ್‌ಗಳು, ಇವನ್ನೇ ಆಟ್ರಿಬ್ಯೂಟ್ ಎನ್ನುತ್ತಾರೆ. ಮೊದಲು ಬಫರ್ (ಡೇಟಾ ತಾತ್ಕಾಲಿಕವಾಗಿ ಕೂಡುವ ಜಾಗ) ಸೆಟಪ್ ಮುಗಿಸಿ, ಆಮೇಲೆ ಬೇರೆ ಫಂಕ್ಷನ್ ಕರೆದು ಈ ಆಟ್ರಿಬ್ಯೂಟ್‌ಗಳನ್ನು ಅಂಟಿಸುತ್ತಿದ್ದೆವು. ಹೊಸ ಕರ್ನಲ್‌ನಲ್ಲಿ ಆ ಫಂಕ್ಷನ್ನೇ ಇಲ್ಲ. ಒಂದು ಡಿವೈಸ್‌ಗೆ ಹಲವು ಬಫರ್ ಇರಬಹುದು ಎಂದಾದ ಮೇಲೆ, ಆಮೇಲೆ ಅಂಟಿಸುವುದು ಸರಿಹೋಗಲ್ಲ ಅಲ್ವಾ? ಅದಕ್ಕೇ, ಸೆನ್ಸರ್‌ಗಳನ್ನು ನೋಡಿಕೊಳ್ಳುವ ಕರ್ನಲ್ ಭಾಗವಾದ ಐಐಓದಲ್ಲಿ, ‘ಐಐಓ_ಟ್ರಿಗರ್ಡ್_ಬಫರ್_ಸೆಟಪ್_ಇಎಕ್ಸ್‌ಟಿ’ ಎಂಬ ಫಂಕ್ಷನ್ ಬಂತು. ಆಟ್ರಿಬ್ಯೂಟ್ ಪಟ್ಟಿಯನ್ನು ಸೆಟಪ್‌ ಹೊತ್ತಿಗೇ ಕೊಡಬೇಕು. ಹಳೆಯ ಸೆಟಪ್ ಫಂಕ್ಷನ್ನಿನ ಹೆಸರು ಈಗ ಬರೀ ಮ್ಯಾಕ್ರೋ (ಕಂಪೈಲ್ ಹೊತ್ತಿಗೆ ಬೇರೆ ಕೋಡಾಗಿ ಬದಲಾಗುವ ಹೆಸರು), ಪಟ್ಟಿಯ ಜಾಗಕ್ಕೆ ನಲ್ (ಖಾಲಿ) ಹಾಕಿ ಇದನ್ನೇ ಕರೆಯುತ್ತದೆ.

ಬದಲಾಯಿಸಿದೆ. ಕಂಪೈಲ್ ಆಯಿತು, ಡೇಟಾ ಬಂತು. ಸುಮ್ನೆ ಒಮ್ಮೆ ನೋಡೋಣ ಅಂತ ಕನಿಷ್ಠ ವಾಟರ್‌ಮಾರ್ಕ್ ಫೈಲನ್ನು ‘ಕ್ಯಾಟ್’ (ಫೈಲಿನಲ್ಲಿರುವುದನ್ನು ತೋರಿಸುವ ಕಮಾಂಡ್) ಮಾಡಿದೆ. ಕರ್ನಲ್ ಊಪ್ಸ್, ಅಂದರೆ ಕರ್ನಲ್ ಒಳಗೇ ದೋಷ!

ಒಂದೂವರೆ ದಿನ ಐಸ್ಕ್ವೇರ್‌ಸಿ (ಚಿಪ್ ಜೊತೆ ಮಾತಾಡುವ ಸಂಪರ್ಕ), ಲಾಕ್ ಎಂದೆಲ್ಲ ಅನುಮಾನಪಟ್ಟೆ. ಪಕ್ಕದ ವಾಟರ್‌ಮಾರ್ಕ್ ಫೈಲ್ ಮಾತ್ರ ಚೆನ್ನಾಗಿಯೇ ಓದುತ್ತಿತ್ತು. ಎರಡಕ್ಕೂ ಏನು ವ್ಯತ್ಯಾಸ? ವಾಟರ್‌ಮಾರ್ಕಿನದನ್ನು ಡಿವೈಸ್ ಆಟ್ರಿಬ್ಯೂಟ್ ಮ್ಯಾಕ್ರೋದಿಂದ ಮಾಡಿದ್ದೆವು, ಕನಿಷ್ಠದ್ದನ್ನು ಬದಲಾಗದ ಬೆಲೆಗಿರುವ ಕಾನ್ಸ್ಟ್ ಮ್ಯಾಕ್ರೋದಿಂದ. ಹೆಡರ್ ತೆರೆದು ಎರಡರ ಸ್ಟ್ರಕ್ಟ್ (ಡೇಟಾ ಜೋಡಣೆ) ಅಕ್ಕಪಕ್ಕ ಇಟ್ಟೆ. ಕಾನ್ಸ್ಟ್ ಸ್ಟ್ರಕ್ಟ್‌ನಲ್ಲಿ ಮೊದಲು ಸ್ಟ್ರಿಂಗ್ ಪಾಯಿಂಟರ್ (ಅಕ್ಷರಗಳಿರುವ ಮೆಮೊರಿಯ ವಿಳಾಸ), ಅದರ ನಂತರ ಆಟ್ರಿಬ್ಯೂಟ್. ಹೊಸ ಕೋರ್ ಕೋಡ್ ಎಲ್ಲವನ್ನೂ ಡಿವೈಸ್ ಆಟ್ರಿಬ್ಯೂಟ್ ಎಂದೇ ನಂಬಿ, ಆಟ್ರಿಬ್ಯೂಟ್‌ನಿಂದ ಮುಂದಕ್ಕೆ ಮಾತ್ರ ಕಾಪಿ ಮಾಡುತ್ತಿತ್ತು. ಪಾಯಿಂಟರ್ ಹಿಂದೆಯೇ ಉಳಿಯಿತು. ಓದುವಾಗ ನಮ್ಮ 64 ಬಿಟ್ ಬೋರ್ಡಿನಲ್ಲಿ 8 ಬೈಟ್ ಹಿಂದೆ ಹೋಗಿ ಯಾರದೋ ಮೆಮೊರಿಯನ್ನು ಸ್ಟ್ರಿಂಗ್ ಅಂದುಕೊಂಡಿತು. ಕಂಪೈಲರ್ ಒಂದು ಮಾತೂ ಆಡಲಿಲ್ಲ, ಏಕೆಂದರೆ ಪಟ್ಟಿಯ ಟೈಪ್ ಎರಡನ್ನೂ ಒಪ್ಪುತ್ತಿತ್ತು.

“1” ಎಂದು ಕೊಡುವ ಪುಟ್ಟ ಶೋ ಫಂಕ್ಷನ್ (ಫೈಲ್ ಓದಿದಾಗ ಓಡುವುದು) ಬರೆದು, ಅದನ್ನೂ ಡಿವೈಸ್ ಆಟ್ರಿಬ್ಯೂಟ್ ಮಾಡಿದೆ. ಸರಿಹೋಯಿತು. 2022ರಲ್ಲಿ ಕರ್ನಲ್‌ನೊಳಗಿನ ಡ್ರೈವರ್‌ಗಳಲ್ಲೂ ಇದೇ ತಪ್ಪು ಸಿಕ್ಕಿತು. ನನಗೊಬ್ಬನಿಗೇ ಅಲ್ಲ ಅಂತ ಸಮಾಧಾನ. ಆಗ ಡಿವೈಸ್ ಆಟ್ರಿಬ್ಯೂಟ್ ಮಾತ್ರ ಒಪ್ಪುವಂತೆ ಪಟ್ಟಿಯ ಟೈಪನ್ನೇ ಬಿಗಿ ಮಾಡಿದರು.

ಅದೇ ಡ್ರೈವರನ್ನು 6.6ಕ್ಕೆ ತಂದಾಗ ಬಫರ್ ಯಾವ ದಿಕ್ಕಿನದು ಎಂಬ ಇನ್ನೊಂದು ಆರ್ಗ್ಯುಮೆಂಟ್ ಸೇರಿತ್ತು. ಪಟ್ಟಿಯ ಸಾಲಿಗೆ ಕಂಪೈಲರ್ ಈ ಸಲ ಕೂಗಿತು, ಟೈಪ್ ಹೊಂದಲ್ಲ ಅಂತ. ಐದು ನಿಮಿಷದಲ್ಲಿ ತಿದ್ದಿದೆ.