ಮೊದಲು ಮದ್ದು, ಆಮೇಲೆ ಕತ್ತಿ: ಒಂದು ಮಾಸ್ಟ್ ಸೆಲ್ ಗಡ್ಡೆಯ ಕಥೆ

ಕೊಡಗಿನ ಸಿದ್ದಾಪುರ ಕಡೆಯ ಕಾಫಿ ತೋಟದ ಲ್ಯಾಬ್ರಡಾರ್ ನಾಯಿ. 8 ವರ್ಷ, 32 ಕೆಜಿ ಹತ್ತಿರ. ಮುಂಗಾಲಿನ ಮಣಿಕಟ್ಟಿನ ಮೇಲೆ ನಿಂಬೆಹಣ್ಣಿಗಿಂತ ದೊಡ್ಡ ಮಾಸ್ಟ್ ಸೆಲ್ ಗಡ್ಡೆ (ನಾಯಿಗಳಿಗೆ ಬರುವ ಒಂದು ಬಗೆಯ ಚರ್ಮದ ಕ್ಯಾನ್ಸರ್), ಅದರ ಮೇಲೆ ಹುಣ್ಣು ಬೇರೆ. ಸುತ್ತ 3 ಸೆಂ.ಮೀ. ಸೇರಿಸಿ ತೆಗೆಯಲು ಅಲ್ಲಿ ಚರ್ಮ ಎಲ್ಲಿದೆ? ನನಗಿಂತ ಮೊದಲು ನೋಡಿದ ಇಬ್ಬರು ಪಶುವೈದ್ಯರೂ ಕಾಲೇ ತೆಗೆಯಿರಿ ಎಂದಿದ್ದರು. ಮದ್ದಿನಲ್ಲಿ ಕುಗ್ಗಿಸಿ ಆಮೇಲೆ ತೆಗೆಯುತ್ತೇನೆ ಅಂದಾಗ ಒಬ್ಬ ಹಿರಿಯರು ಫೋನಿನಲ್ಲೇ ನಕ್ಕರು. "ಸ್ಟೀರಾಯ್ಡ್‌ಗೆ ಇಳಿಯೋದು ಊತ ಮಾರಾಯ, ಆಮೇಲೆ ಅಂಚು ಎಲ್ಲಿತ್ತು ಅಂತ ನಿನಗೇ ಗೊತ್ತಾಗಲ್ಲ."

ಅವರ ಮಾತು ಪೂರ್ತಿ ಸುಳ್ಳಲ್ಲ. ನಾನು ಮೊದಲು ಪ್ರಯತ್ನಿಸಿದ ನಾಯಿಗೆ ಬರೀ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಕೊಟ್ಟಿದ್ದೆ. ಹತ್ತೇ ದಿನಕ್ಕೆ ಗಡ್ಡೆ ಅರ್ಧಕ್ಕಿಳಿಯಿತು. ವಾಸಿಯಾಯ್ತು ಅಂದುಕೊಂಡು ಮನೆಯವರು ಬರುವುದನ್ನೇ ಬಿಟ್ಟರು. ಎರಡು ತಿಂಗಳ ಮೇಲೆ ಬಂದಾಗ ಅದು ಯಾವ ಮದ್ದಿಗೂ ಬಗ್ಗಲಿಲ್ಲ. ಎರಡನೇ ನಾಯಿಯಲ್ಲಿ ವಿನ್‌ಬ್ಲಾಸ್ಟಿನ್ ಎಂಬ ಕೀಮೋ ಮದ್ದು ರಕ್ತನಾಳದಿಂದ ಆಚೆ ಸೋರಿ ಕಾಲಿನ ಚರ್ಮ ಅಂಗೈಯಗಲ ಉದುರಿತು. ಆರು ವಾರ ಪುಕ್ಕಟೆ ಡ್ರೆಸ್ಸಿಂಗ್ ಮಾಡಿದೆ, ಫೀಸನ್ನೂ ವಾಪಸ್ ಕೊಟ್ಟೆ. ಅಲ್ಲಿಂದ ಮುಂದೆ ಹೊಸ ಕ್ಯಾತಿಟರ್, ಒಂದೇ ಚುಚ್ಚು. ತಪ್ಪಿದರೆ ಆ ಕಾಲು ಅವತ್ತಿಗೆ ಬೇಡ.

ಈ ಲ್ಯಾಬ್‌ಗೆ ಪ್ರೆಡ್ನಿಸೋಲೋನ್ ಕೆಜಿಗೆ 1 ಮಿ.ಗ್ರಾಂ, ಜೊತೆಗೆ ಹಿಸ್ಟಮಿನ್ ತಡೆಯುವ ಅವಿಲ್, ಹೊಟ್ಟೆಗೆ ಫ್ಯಾಮೋಟಿಡಿನ್. ವಾರಕ್ಕೊಮ್ಮೆ ವಿನ್‌ಬ್ಲಾಸ್ಟಿನ್, ಮೈಯ ಹರವಿನ ಚದರ ಮೀಟರ್‌ಗೆ 2 ಮಿ.ಗ್ರಾಂ. ಅಂದರೆ ಸಲಕ್ಕೆ ಹೋಗೋದು ಹೆಚ್ಚುಕಮ್ಮಿ 2 ಮಿ.ಗ್ರಾಂ ಅಷ್ಟೇ, ವಯಲ್ (ಮದ್ದಿನ ಸೀಸೆ) ಮಾತ್ರ 10 ಮಿ.ಗ್ರಾಂನದು! ಉಳಿದದ್ದು ಚೆಲ್ಲಬೇಕು. ಆಗ ವಯಲ್‌ಗೆ ಮುನ್ನೂರು ರೂಪಾಯಿ ಆಸುಪಾಸು ಇರಬೇಕು. ದುಡ್ಡಿಗಿಂತ ಅದನ್ನು ಮೈಸೂರಿನಿಂದ ಬಸ್ಸಿನಲ್ಲಿ ತಣ್ಣಗೆ ತರಿಸುವುದೇ ದೊಡ್ಡ ತಲೆನೋವು. ಮಳೆಗೆ ಮರ ಬಿದ್ದು ರಸ್ತೆ ಬಂದ್ ಆದ ವಾರವಂತೂ ಕೇಳಲೇಬೇಡಿ.

ಎರಡನೇ ಡೋಸ್ ಮುಗಿದಾಗ ಕಕ್ಕಡ ಹದಿನೆಂಟು ಬಂತು, ಕೊಡಗಿನಲ್ಲಿ ಮದ್ದುಸೊಪ್ಪಿನ ಪಾಯಸ ಮಾಡುವ ದಿನ. ಮನೆಯ ಅಜ್ಜಿ ಪಾಯಸಕ್ಕೆ ತಂದ ಮದ್ದುಸೊಪ್ಪನ್ನು ಅರೆದು ಗಡ್ಡೆಗೂ ತಿಕ್ಕಿದ್ದಾರೆ, ಪಾಪ, ಒಳ್ಳೆ ಮನಸ್ಸಿನಿಂದಲೇ. ಬೆಳಗಾಗುವಷ್ಟರಲ್ಲಿ ಮೊಣಕೈವರೆಗೆ ಬಾವು. ತಪ್ಪು ಸೊಪ್ಪಿನದಲ್ಲ, ತಿಕ್ಕಿದ್ದರದು. ಈ ಗಡ್ಡೆಯನ್ನು ಹಿಸುಕಿದರೆ ಬಾವು ಬರಿಸುವ ಹಿಸ್ಟಮಿನ್ ಬಿಡದೆ ಇರುತ್ತದಾ? "ಡಾಕ್ಟ್ರೇ, ನಾನು ಕೊಂದುಬಿಟ್ಟೆನಾ?" ಅಂತ ಅಜ್ಜಿ ಅತ್ತರು. ಅವಿಲ್ ಚುಚ್ಚಿ ಎರಡು ದಿನ ಕಾದೆವು, ಇಳಿಯಿತು. ಮೂರನೇ ವಾರ ಬಿಳಿ ರಕ್ತಕಣ ಕುಸಿದು ಒಂದು ಡೋಸ್ ಮುಂದಕ್ಕೆ ಹಾಕಿದೆ.

ಐದು ವಾರಕ್ಕೆ ಗಡ್ಡೆ 6 ಸೆಂ.ಮೀ.ನಿಂದ ಎರಡೂವರೆಗೆ ಇಳಿದಿತ್ತು. ಮೊದಲಿದ್ದ ಅಂಚಿನ ಗುರುತು ಅಲ್ಲಿಯವರೆಗೂ ಅಳಿಸಿರಲಿಲ್ಲ. ಪೆನ್ನಿನಲ್ಲಿ ಬರೆದರೆ ನಾಯಿ ನೆಕ್ಕಿಬಿಡುತ್ತದೆ. ನಾನು ಬೇರೆ ಮಾಡಿದ್ದೆ. ಅದನ್ನಿಲ್ಲಿ ಬರೆಯಲ್ಲ, ಎದುರು ಸಿಕ್ಕಾಗ ಕಾಫಿ ಕುಡಿಸಿದರೆ ಹೇಳುತ್ತೇನೆ. ಆ ಹಳೇ ಗುರುತಿನ ಪ್ರಕಾರವೇ ಕೊಯ್ದೆ, ಕುಗ್ಗಿದ ಗಡ್ಡೆಯ ಅಳತೆಗಲ್ಲ. ಕೆಳಗಿನ ಪೊರೆಯನ್ನೂ ತೆಗೆದೆ. ಹೊಲಿಗೆ ಒಂದು ಕಡೆ ಬಿಟ್ಟುಕೊಂಡಿತು, ಸ್ಟೀರಾಯ್ಡ್ ಮೈಯಲ್ಲಿ ಅದು ಇದ್ದದ್ದೇ. ರಿಪೋರ್ಟ್ ಗ್ರೇಡ್ 2 (ನಡುಮಟ್ಟದ್ದು), ಅಂಚು ಸ್ವಚ್ಛ, ಆದರೆ ಒಂದು ಬದಿಯಲ್ಲಿ ಗಡ್ಡೆಯಿಂದ ಅಂಚಿಗೆ ಬರೀ 2 ಮಿ.ಮೀ. ಅದಕ್ಕೇ ಆಮೇಲೂ ನಾಲ್ಕು ಡೋಸ್ ಕೊಟ್ಟೆ. ಬಯಾಪ್ಸಿ ಸೇರಿ ಮನೆಯವರಿಗೆ 14 ಸಾವಿರ ಆಯಿತೇನೋ, ನನ್ನ ಓಡಾಟ ಲೆಕ್ಕಕ್ಕಿಲ್ಲ.

ನಡುವೆ ಬೇರೆ ನಾಯಿಗಳಲ್ಲಿ ಸುಮ್ನೆ ಇಮಾಟಿನಿಬ್ ಕೂಡ ನೋಡಿದೆ, ಕೆಜಿಗೆ 10 ಮಿ.ಗ್ರಾಂ. ಮನುಷ್ಯರ ರಕ್ತ ಕ್ಯಾನ್ಸರ್ ಮಾತ್ರೆ ಅದು. 2013ರಲ್ಲಿ ಸುಪ್ರೀಂ ಕೋರ್ಟ್ ಪೇಟೆಂಟ್ ನಿರಾಕರಿಸಿದ್ದರಿಂದ ಅದರ ಜೆನೆರಿಕ್ ನಮ್ಮ ಕೈಗೂ ಎಟುಕುತ್ತದೆ. ಒಂದು ಬಾಕ್ಸರ್‌ಗೆ ಎರಡೇ ವಾರದಲ್ಲಿ ಗಡ್ಡೆ ಕರಗಿತು, ಇನ್ನೊಂದು ನಾಯಿಗೆ ಬರೀ ವಾಂತಿ. ಗಡ್ಡೆಯ ಸಿ-ಕಿಟ್ ಎಂಬ ಜೀನ್‌ನಲ್ಲಿ ಮ್ಯುಟೇಶನ್ (ಬದಲಾವಣೆ) ಇದ್ದರೆ ಕೆಲಸ ಮಾಡುವ ಸಾಧ್ಯತೆ ಜಾಸ್ತಿ, ಆದರೆ ಆ ಟೆಸ್ಟ್ ಮಾಡಿಸಲು ನಮ್ಮಲ್ಲಿ ಯಾರಿಗೆ ದುಡ್ಡಿದೆ?

ಲ್ಯಾಬ್‌ಗೆ ಈಗ 14 ತಿಂಗಳು ಆಯಿತು, ಗಡ್ಡೆ ತಿರುಗಿ ಬಂದಿಲ್ಲ. ನಾಲ್ಕೂ ಕಾಲಲ್ಲಿ ತೋಟದ ತುಂಬ ಓಡಾಡುತ್ತದೆ, ಮಳೆಗೆ ಸ್ವಲ್ಪ ಕುಂಟುತ್ತದೆ. ಫೋನಿನಲ್ಲಿ ನಕ್ಕ ಹಿರಿಯರು ಹೋದ ತಿಂಗಳು ಮತ್ತೆ ಫೋನ್ ಮಾಡಿದ್ದರು. ಅವರ ಹತ್ತಿರ ಒಂದು ಪಗ್ ಬಂದಿದೆಯಂತೆ, ಶನಿವಾರ ಒಂದೇ ವಯಲ್ ಹಂಚಿಕೊಳ್ಳೋಣವಾ ಅಂದರು.