ರೀಬೂಟ್ ಆದ ಮೇಲೆ ಏಳದ ಸರ್ವಿಸ್: ಎಬ್ಬಿಸುವುದು ಹೇಗೆ?

"ರಾತ್ರಿ ಚೆನ್ನಾಗೇ ಇತ್ತು ಕಣಣ್ಣ. ಬೆಳಿಗ್ಗೆ ಕರೆಂಟ್ ಹೋಗ್ ಬಂತು, ಆಗಿಂದ ಬಿಲ್ಲೇ ಬತ್ತಾ ಇಲ್ಲ. ನಾಕ್ ಸಲ ಆಫ್ ಮಾಡಿ ಆನ್ ಮಾಡ್ದೆ."

ಮಂಡ್ಯದ ಬೆಲ್ಲದ ಮಂಡಿಯೊಂದರಿಂದ ಹುಡುಗ ಫೋನಿನಲ್ಲಿ ಹೀಗೆಂದಾಗ ನನಗೆ ಸಿಟ್ಟು ಬಂದದ್ದು ಕರೆಂಟಿನ ಮೇಲಲ್ಲ, ಆ ನಾಲ್ಕು ಸಲದ ಮೇಲೆ. ಮೈಸೂರು, ಮಂಡ್ಯದ ಅಂಗಡಿ, ಪ್ರೆಸ್ಸು, ಆಡಿಟರ್ ಆಫೀಸುಗಳ ಮೂಲೆಯಲ್ಲಿ ದೂಳು ಹಿಡಿದು ಕೂತಿರುವ ಲಿನಕ್ಸ್ ಸರ್ವರುಗಳನ್ನು ನೋಡಿಕೊಳ್ಳುವುದೇ ನನ್ನ ಹೊಟ್ಟೆಪಾಡು. ಸರ್ವಿಸ್ ಅಂದರೆ ಸರ್ವರಿನ ಹಿನ್ನೆಲೆಯಲ್ಲಿ ಸದಾ ಓಡುತ್ತಿರಬೇಕಾದ ಪ್ರೋಗ್ರಾಮ್. ಅದು ಏಳದಿದ್ದಾಗ ಜನ ಮೊದಲು ಮಾಡುವ ಕೆಲಸ ಮತ್ತೆ ರೀಬೂಟ್. ಅದರಿಂದ ಆಗುವ ನಷ್ಟ ಏನು ಅಂತ ಮೊದಲ ಹೆಜ್ಜೆಯಲ್ಲೇ ಹೇಳುತ್ತೇನೆ.

ಕಮಾಂಡುಗಳನ್ನು ಬಾಯಲ್ಲಿ ಹೇಳುವ ಹಾಗೆ ಬರೆದಿದ್ದೇನೆ; ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರವೇ ಬೇಕು.

ಹೆಜ್ಜೆ 1: ಮುಟ್ಟಬೇಡಿ, ಓದಿ

'ಸಿಸ್ಟಮ್‌ಸಿಟಿಎಲ್ ಸ್ಟೇಟಸ್' ಎಂದು ಸರ್ವಿಸಿನ ಹೆಸರು ಕೊಟ್ಟರೆ ಲಾಗಿನ, ಅಂದರೆ ಅದರ ದಿನಚರಿಯ, ಕೊನೆಯ ಹತ್ತು ಸಾಲು ಸಿಗುತ್ತದೆ. ಅಷ್ಟು ಸಾಲದು. 'ಜರ್ನಲ್‌ಸಿಟಿಎಲ್ ಮೈನಸ್ ಬಿ ಮೈನಸ್ ಯು' ಜೊತೆ ಅದೇ ಹೆಸರು ಕೊಟ್ಟು ಈ ಬೂಟಿನ ಪೂರ್ತಿ ಲಾಗ್ ತೆಗೆಯಿರಿ, ಮೇಲಿನಿಂದ ಕೆಳಕ್ಕೆ ಓದಿ. ಎಲ್ಲರೂ ಕೊನೆಯ ಸಾಲು ನೋಡುತ್ತಾರೆ. ಅಲ್ಲಿ ಬರೀ 'ಫೇಲ್ಡ್' ಎಂಬ ಅಳು ಇರುತ್ತದೆ. ಏಟು ಬಿದ್ದ ಜಾಗ ಮೊದಲ ಎರರ್‌ನಲ್ಲಿ.

'ವಾರ್ ಲಾಗ್' ಎಂಬ ಡೈರೆಕ್ಟರಿಯ ಒಳಗೆ ಜರ್ನಲ್ ಎಂಬ ಫೋಲ್ಡರ್ ಇಲ್ಲದ ಎಷ್ಟೋ ಮೆಷಿನ್ನುಗಳಲ್ಲಿ ಈ ಲಾಗ್ ಬರೀ ರ‍್ಯಾಮಿನಲ್ಲಿರುತ್ತದೆ, ಒಂದು ರೀಬೂಟಿಗೆ ಅಳಿಸಿಹೋಗುತ್ತದೆ. ನಾಲ್ಕು ಸಲ ಆಫ್-ಆನ್ ಮಾಡಿದ ಹುಡುಗ ಬೆಳಗಿನ ಸಾಕ್ಷಿಯನ್ನು ನಾಲ್ಕು ಸಲ ಗುಡಿಸಿ ಹಾಕಿದ್ದ. ಆ ಫೋಲ್ಡರ್ ಇದ್ದಿದ್ದರೆ 'ಮೈನಸ್ ಬಿ ಮೈನಸ್ 1' ಎಂದು ಹಿಂದಿನ ಬೂಟಿನ ಕಥೆಯನ್ನೂ ಓದಬಹುದಿತ್ತು. ಈಗಲೇ ಮಾಡಿಟ್ಟುಕೊಳ್ಳಿ.

ಲಾಗಿನಲ್ಲಿ ಕಾಣುವ ಕೆಲವು ನಂಬರುಗಳು ಬಾಯಿಪಾಠ ಇರಲಿ. 203 ಎಂದರೆ ಪ್ರೋಗ್ರಾಮ್ ಆ ದಾರಿಯಲ್ಲಿ ಇಲ್ಲ ಅಥವಾ ಓಡಿಸಲು ಅನುಮತಿ ಇಲ್ಲ. 217 ಎಂದರೆ ಹೇಳಿದ ಯೂಸರ್ ಇಲ್ಲ. 200 ಎಂದರೆ ಕೆಲಸದ ಫೋಲ್ಡರಿಗೆ ಹೋಗಲಾಗಲಿಲ್ಲ. ಬರೀ 1 ಬಂದರೆ ತಕರಾರು ಪ್ರೋಗ್ರಾಮಿನದೇ, ಅದರ ಸ್ವಂತ ಲಾಗ್ ಹುಡುಕಬೇಕು.

ಉಬುಂಟು ಲಿನಕ್ಸಿನಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್ ಇರುವವರಿಗೆ ಒಂದು ಎಚ್ಚರಿಕೆ. ಸ್ಟೇಟಸ್ ಕೇಳಿದರೆ ಹಸಿರು ಬಣ್ಣದಲ್ಲಿ 'ಆಕ್ಟಿವ್' ಅನ್ನುತ್ತದೆ, ಪಕ್ಕದಲ್ಲೇ ಸಣ್ಣಗೆ 'ಎಕ್ಸಿಟೆಡ್'. ಅದು ಬರೀ ಮುಖವಾಡದ ಸರ್ವಿಸ್, ಏನೂ ಮಾಡದೆ ಮುಗಿದುಹೋಗುತ್ತದೆ. ನಿಜವಾದ ಡೇಟಾಬೇಸ್ ಆವೃತ್ತಿಯ ನಂಬರು ಹೊತ್ತ ಬೇರೆ ಸರ್ವಿಸ್. 'ಪಿಜಿ ಎಲ್‌ಎಸ್‌ಕ್ಲಸ್ಟರ್ಸ್' ಕೊಟ್ಟರೆ ಅಸಲಿ ಬಣ್ಣ ಗೊತ್ತಾಗುತ್ತದೆ.

ಹೆಜ್ಜೆ 2: ಎನೇಬಲ್ ಆಗಿದೆಯಾ?

ಸ್ಟಾರ್ಟ್ ಬೇರೆ, ಎನೇಬಲ್ ಬೇರೆ. ಎನೇಬಲ್ ಮಾಡದ ಸರ್ವಿಸ್ ಬೂಟಿನಲ್ಲಿ ತಾನಾಗಿ ಏಳುವುದಿಲ್ಲ.

ಹೆಜ್ಜೆ 3: ಸುಲಭದ ಕಳ್ಳರು

ಡಿಸ್ಕ್ ತುಂಬಿದೆಯಾ ('ಡಿಎಫ್ ಮೈನಸ್ ಎಚ್'), ಐನೋಡ್, ಅಂದರೆ ಡಿಸ್ಕು ಪ್ರತಿ ಫೈಲಿಗೆ ಕೊಡುವ ಚೀಟಿ, ಮುಗಿದಿದೆಯಾ ('ಡಿಎಫ್ ಮೈನಸ್ ಐ'), ಸರ್ವಿಸಿನ ನೆಟ್‌ವರ್ಕ್ ಪೋರ್ಟಿನಲ್ಲಿ ಬೇರೆ ಯಾರಾದರೂ ಕೂತಿದ್ದಾರಾ ('ಎಸ್‌ಎಸ್ ಮೈನಸ್ ಎಲ್‌ಟಿಎನ್‌ಪಿ'). 'ರನ್' ಎಂಬ ಡೈರೆಕ್ಟರಿ ಇರುವುದೇ ರ‍್ಯಾಮಿನಲ್ಲಿ. ಅದರೊಳಗೆ ನೀವು ಕೈಯಾರೆ ಮಾಡಿದ ಫೋಲ್ಡರ್ ರೀಬೂಟಿಗೆ ಮಾಯ. ಸರ್ವಿಸನ್ನು ಹೇಗೆ ಓಡಿಸಬೇಕು ಎಂದು ಬರೆದಿಡುವ ಯೂನಿಟ್ ಫೈಲಿನಲ್ಲಿ 'ರನ್‌ಟೈಮ್ ಡೈರೆಕ್ಟರಿ' ಎಂದು ಬರೆದರೆ, ಸರ್ವಿಸುಗಳನ್ನೆಲ್ಲ ಎಬ್ಬಿಸುವ ಸಿಸ್ಟಮ್‌ಡಿಯೇ ಪ್ರತಿ ಸಲ ಮಾಡಿಕೊಡುತ್ತದೆ. ಗಡಿಯಾರವನ್ನೂ ನೋಡಿ. ಮದರ್‌ಬೋರ್ಡಿನ ಬಿಲ್ಲೆ ಬ್ಯಾಟರಿ, ಅದೇ ಸಿಆರ್ 2032, ಸತ್ತಿದ್ದರೆ ಕರೆಂಟ್ ಹೋಗಿ ಬಂದಾಗ ಮೆಷಿನ್ ಹಳೆಯ ವರ್ಷಕ್ಕೆ ಜಾರಿರುತ್ತದೆ, ಸರ್ಟಿಫಿಕೇಟುಗಳು 'ಇನ್ನೂ ಜಾರಿಗೆ ಬಂದಿಲ್ಲ' ಎಂದು ಮುಷ್ಕರ ಹೂಡುತ್ತವೆ.

ಈ ಹಂತದಲ್ಲಿ ಬಹಳ ಜನ ಮೆಷಿನ್ನಿನ ಯಜಮಾನ ಯೂಸರ್ ಆದ ರೂಟ್ ಆಗಿ ಪ್ರೋಗ್ರಾಮನ್ನು ನೇರವಾಗಿ ಓಡಿಸಿ, "ನೋಡಿ ಸಾರ್, ಕೈಯಲ್ಲಿ ಓಡುತ್ತೆ" ಅನ್ನುತ್ತಾರೆ. ಓಡದೆ ಏನು? ರೂಟಿಗೆ ಯಾವ ಬಾಗಿಲೂ ಮುಚ್ಚಿಲ್ಲ. ಆದರೆ ಆ ಒಂದು ಓಟದಲ್ಲಿ ಹುಟ್ಟಿದ ಲಾಗ್ ಫೈಲು, ಲಾಕ್ ಫೈಲು ಎಲ್ಲ ರೂಟಿನ ಪಾಲಾಗುತ್ತವೆ. ಆಮೇಲೆ ಸರ್ವಿಸ್ ತನ್ನ ಬಡ ಯೂಸರ್ ಹೆಸರಲ್ಲಿ ಎದ್ದಾಗ 'ಪರ್ಮಿಷನ್ ಡಿನೈಡ್'. ಒಂದಿದ್ದ ರೋಗ ಎರಡಾಯಿತು. ಪರೀಕ್ಷೆ ಮಾಡಲೇಬೇಕಿದ್ದರೆ 'ಸುಡೋ ಮೈನಸ್ ಯು' ಹಾಕಿ ಆ ಸರ್ವಿಸಿನ ಯೂಸರ್ ಆಗಿಯೇ ಓಡಿಸಿ. ಇಲ್ಲಿ ಎಲ್ಲರಿಗೂ ಎಲ್ಲ ಅನುಮತಿ ಕೊಡುವ 'ಸಿಎಚ್‌ಮಾಡ್ 777' ಹೊಡೆದು ಕೈತೊಳೆದುಕೊಳ್ಳುವವರ ಸರ್ವರನ್ನು ನಾನು ರಿಪೇರಿ ಮಾಡುವುದಿಲ್ಲ, ಮೊದಲು ಅದನ್ನು ಬಿಡಿಸುತ್ತೇನೆ.

ಹೆಜ್ಜೆ 4: ಕೈಯಲ್ಲಿ ಏಳುತ್ತದೆ, ಬೂಟಿನಲ್ಲಿ ಏಳುವುದಿಲ್ಲ

ಬಹುಪಾಲು ಜನ ಎಡವುವುದು ಇಲ್ಲಿ. ಹತ್ತು ಗಂಟೆಗೆ ನೀವು ಸ್ಟಾರ್ಟ್ ಕೊಟ್ಟಾಗ ನೆಟ್‌ವರ್ಕ್ ಬಂದಿರುತ್ತದೆ, ಡಿಸ್ಕುಗಳು ಕೂತಿರುತ್ತವೆ, ಡೇಟಾಬೇಸ್ ಎದ್ದಿರುತ್ತದೆ. ಬೂಟಿನ ಮೊದಲ ಕೆಲವು ಸೆಕೆಂಡಿನಲ್ಲಿ ಇವೆಲ್ಲ ಒಟ್ಟೊಟ್ಟಿಗೆ ಓಡುತ್ತಿರುತ್ತವೆ. ನಿಮ್ಮ ಸರ್ವಿಸ್ ಯಾರಿಗಾಗಿ ಕಾಯಬೇಕು ಎಂದು ನೀವು ಹೇಳದಿದ್ದರೆ ಅದು ಕಾಯುವುದಿಲ್ಲ.

ಯೂನಿಟ್ ಫೈಲಿನಲ್ಲಿ 'ಆಫ್ಟರ್' ಎಂಬುದು ಸರದಿ ಮಾತ್ರ: ಅವನು ಬರುವುದಾದರೆ ಅವನ ಹಿಂದೆ ನಾನು. ಅವನನ್ನು ಕರೆಯುವ ಕೆಲಸ 'ವಾಂಟ್ಸ್' ಅಥವಾ 'ರಿಕ್ವೈರ್ಸ್' ಸಾಲಿನದು. ಕರೆದು ಸರದಿ ಹೇಳದಿದ್ದರೆ ಇಬ್ಬರೂ ಒಟ್ಟಿಗೆ ಓಡುತ್ತಾರೆ. ಹಾಗಾಗಿ ಎರಡೂ ಸಾಲು ಬೇಕು.

'ನೆಟ್‌ವರ್ಕ್ ಟಾರ್ಗೆಟ್' ಆದ ಮೇಲೆ ಅಂತ ಬರೆದಿದ್ದೀನಲ್ಲ ಸಾರ್ ಅನ್ನುತ್ತಾರೆ. ಎಲೆ ಹಾಕಿದ ಮಾತ್ರಕ್ಕೆ ಅನ್ನ ಬಡಿಸಿದ ಹಾಗಲ್ಲ. ಟಾರ್ಗೆಟ್ ಅಂದರೆ ಬೂಟಿನ ದಾರಿಯ ಒಂದು ಮೈಲಿಗಲ್ಲು. ಆ ಟಾರ್ಗೆಟ್ ಬಂತೆಂದರೆ ನೆಟ್‌ವರ್ಕ್ ನೋಡಿಕೊಳ್ಳುವ ಪ್ರೋಗ್ರಾಮ್ ಎದ್ದಿದೆ ಅಂತ ಅಷ್ಟೇ, ಐಪಿ ವಿಳಾಸ ಬಂದಿದೆ ಅಂತಲ್ಲ. ನಿಮ್ಮ ಸರ್ವಿಸ್ ಒಂದು ನಿರ್ದಿಷ್ಟ ಐಪಿಯಲ್ಲಿ ಕೂರಬೇಕಿದ್ದರೆ 'ಕೆನಾಟ್ ಅಸೈನ್ ರಿಕ್ವೆಸ್ಟೆಡ್ ಅಡ್ರೆಸ್' ಎಂದು ಬೀಳುತ್ತದೆ. ಬೇಕಾದದ್ದು 'ನೆಟ್‌ವರ್ಕ್ ಆನ್‌ಲೈನ್ ಟಾರ್ಗೆಟ್', ಅದೂ ಆಫ್ಟರ್ ಮತ್ತು ವಾಂಟ್ಸ್ ಎರಡರಲ್ಲೂ.

ಆಮೇಲೆ ಡಿಸ್ಕು. ಮಂಡ್ಯಕ್ಕೆ ಹೋಗಿ ನೋಡಿದರೆ ಪೋಸ್ಟ್‌ಗ್ರೆಸ್ ಲಾಗಿನಲ್ಲಿ 'ನೋ ಸಚ್ ಫೈಲ್ ಆರ್ ಡೈರೆಕ್ಟರಿ'. ಅಚ್ಚು ಬೆಲ್ಲ, ಬಕೆಟ್ ಬೆಲ್ಲ, ಕುರಿಕಟ್ಟು ಬೆಲ್ಲದ ಲೆಕ್ಕವೆಲ್ಲ ಇದ್ದದ್ದು ಯುಎಸ್‌ಬಿಗೆ ಸಿಕ್ಕಿಸಿದ ಹೊರಗಿನ ಡಿಸ್ಕಿನಲ್ಲಿ. ಡೇಟಾಬೇಸನ್ನು ಅಂಥ ಡಿಸ್ಕಿನಲ್ಲಿ ಇಡಬೇಡಿ ಎಂದು ಹೇಳಿ ಹೇಳಿ ನನ್ನ ಗಂಟಲು ಬಿದ್ದುಹೋಗಿದೆ. ಡಿಸ್ಕುಗಳ ಪಟ್ಟಿ ಕೊಡುವ 'ಎಲ್‌ಎಸ್‌ಬಿಎಲ್‌ಕೆ' ಕೊಟ್ಟೆ. ಎಸ್‌ಡಿಬಿ ಎಂಬ ಹೆಸರಿನ ಮುಂದೆ 14.9 ಜಿ, ಎಸ್‌ಡಿಸಿ ಮುಂದೆ 931.5 ಜಿ. ಹದಿನೈದು ಜಿಬಿಯ ಡಿಸ್ಕ್ ಎಲ್ಲಿಂದ ಬಂತು? ಕ್ಯಾಬಿನೆಟ್ಟನ್ನು ಗೋಡೆಯಿಂದ ಈಚೆಗೆ ಎಳೆದೆ. ಹಿಂದುಗಡೆ, ಬೆಲ್ಲದ ಅಂಟು ಹಿಡಿದ ಒಂದು ಪೆನ್‌ಡ್ರೈವ್. ಹಿಂದಿನ ಸಂಜೆ ಜಿಎಸ್‌ಟಿ ಫೈಲು ತೆಗೆದುಕೊಳ್ಳಲು ಯಾರೋ ಸಿಕ್ಕಿಸಿ ಮರೆತಿದ್ದರು.

ಬೂಟಿನಲ್ಲಿ ಯಾವ ಡಿಸ್ಕು ಎಲ್ಲಿ ಕೂರಬೇಕು ಎಂದು ಬರೆದಿಡುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಡಿಸ್ಕಿನ ಹೆಸರು ಎಸ್‌ಡಿಬಿ1 ಎಂದಿತ್ತು. ಈ ಹೆಸರುಗಳು ಯಾರಿಗೂ ಬರೆದುಕೊಟ್ಟ ಆಸ್ತಿಯಲ್ಲ. ಲಿನಕ್ಸಿನ ತಿರುಳಾದ ಕರ್ನಲ್ ಕಣ್ಣಿಗೆ ಮೊದಲು ಬಿದ್ದವರಿಗೆ ಮೊದಲ ಅಕ್ಷರ. ದೊಡ್ಡ ಡಿಸ್ಕು ತಿರುಗಿ ಏಳುವಷ್ಟರಲ್ಲಿ ಪೆನ್‌ಡ್ರೈವ್ ಆ ಹೆಸರು ಹೊಡೆದುಕೊಂಡಿತ್ತು. ಲೆಕ್ಕದ ಡಿಸ್ಕು ಮೌಂಟ್ ಆಗಲಿಲ್ಲ, ಅಂದರೆ ತನ್ನ ಫೋಲ್ಡರಿನಲ್ಲಿ ಕೂರಲಿಲ್ಲ. ಜೊತೆಗೆ ಡಿಸ್ಕು ಸಿಗದಿದ್ದರೂ ಮುಂದೆ ನಡೆ ಎನ್ನುವ 'ನೋಫೇಲ್' ಇದ್ದದ್ದರಿಂದ ಬೂಟ್ ನಿಲ್ಲಲೂ ಇಲ್ಲ, ಯಾರಿಗೂ ಸುಳಿವು ಸಿಗಲಿಲ್ಲ. ಪುಣ್ಯಕ್ಕೆ ಆ ಡೇಟಾಬೇಸ್ ಓಡುತ್ತಿದ್ದದ್ದು ಡಾಕರಿನಲ್ಲಲ್ಲ. ಪ್ರೋಗ್ರಾಮನ್ನು ಡಬ್ಬಿಯಲ್ಲಿಟ್ಟ ಹಾಗೆ ಬೇರೆಯಾಗಿ ಓಡಿಸುವ ಡಾಕರಿನ ಸಿದ್ಧ ಡೇಟಾಬೇಸ್ ಇಮೇಜುಗಳು ಖಾಲಿ ಫೋಲ್ಡರ್ ಕಂಡರೆ ಹೊಸ ಡೇಟಾಬೇಸನ್ನೇ ಕಟ್ಟಿಬಿಡುತ್ತವೆ. ಆಗ ಸರ್ವಿಸ್ ಏಳುತ್ತದೆ, ಲೆಕ್ಕ ಮಾತ್ರ ಒಂದೂ ಕಾಣುವುದಿಲ್ಲ, ಯಜಮಾನರ ಎದೆ ಧಸಕ್ಕೆನ್ನುತ್ತದೆ.

ಪರಿಹಾರಕ್ಕೆ ಹತ್ತು ನಿಮಿಷ. 'ಬಿಎಲ್‌ಕೆಐಡಿ' ಕೊಟ್ಟು ಡಿಸ್ಕಿನ ಯುಯುಐಡಿ, ಅಂದರೆ ಅದಕ್ಕೇ ಮೀಸಲಾದ ಉದ್ದನೆಯ ಗುರುತಿನ ಸಂಖ್ಯೆ, ತೆಗೆದುಕೊಂಡು ಎಫ್‌ಎಸ್‌ಟ್ಯಾಬಿನಲ್ಲಿ ಅದನ್ನು ಬರೆಯಿರಿ. ಕೈಯಲ್ಲಿ ಟೈಪ್ ಮಾಡಬೇಡಿ, ಕಾಪಿ ಮಾಡಿ. ಸರ್ವಿಸಿನ ಯೂನಿಟ್ಟಿನಲ್ಲಿ 'ರಿಕ್ವೈರ್ಸ್ ಮೌಂಟ್ಸ್ ಫಾರ್' ಎಂದು ಡೇಟಾ ಫೋಲ್ಡರಿನ ದಾರಿ ಕೊಡಿ. ಡಿಸ್ಕು ಕೂರದೆ ಇನ್ನು ಡೇಟಾಬೇಸ್ ಏಳುವುದಿಲ್ಲ. ರೀಬೂಟ್ ಮಾಡುವ ಮುಂಚೆ 'ಫೈಂಡ್‌ಎಂಎನ್‌ಟಿ ಮೈನಸ್ ಮೈನಸ್ ವೆರಿಫೈ' ಓಡಿಸಿ. ಎಫ್‌ಎಸ್‌ಟ್ಯಾಬಿನಲ್ಲಿ ತಪ್ಪಿದ್ದರೆ, ನೋಫೇಲ್ ಇಲ್ಲದಿದ್ದರೆ, ಮೆಷಿನ್ 90 ಸೆಕೆಂಡ್ ಕಾದು ಎಮರ್ಜೆನ್ಸಿ ಮೋಡಿನಲ್ಲಿ ಕೂತುಬಿಡುತ್ತದೆ.

ಇದೆಲ್ಲ ಯಾಕೆ, ಶುರುವಿನಲ್ಲಿ 30 ಸೆಕೆಂಡ್ ಸುಮ್ಮನೆ ಕಾಯಿಸುವ 'ಸ್ಲೀಪ್ 30' ಹಾಕಿದರೆ ಆಯ್ತಲ್ಲ ಅನ್ನುವ ಜಾಣರಿದ್ದಾರೆ. ಇವತ್ತು 30 ಸಾಕು, ಡಿಸ್ಕು ಹಳತಾದಂತೆ 40 ಬೇಕಾಗುತ್ತದೆ, ಆಗ ಮತ್ತೆ ನನಗೇ ಫೋನು. ಅದಕ್ಕಿಂತ 'ರೀಸ್ಟಾರ್ಟ್ ಆನ್ ಫೇಲ್ಯೂರ್' ಮೇಲು, ಆದರೆ 'ರೀಸ್ಟಾರ್ಟ್ ಸೆಕ್' 5 ಎಂದು ಬರೆಯುವುದನ್ನು ಮರೆಯಬೇಡಿ. ಬರೆಯದಿದ್ದರೆ ಸಿಸ್ಟಮ್‌ಡಿ ಎರಡು ಯತ್ನಗಳ ನಡುವೆ ಬಿಡುವುದು ಸೆಕೆಂಡಿನ ಹತ್ತನೇ ಒಂದು ಭಾಗ. ಸಾಮಾನ್ಯವಾಗಿ 10 ಸೆಕೆಂಡಿನಲ್ಲಿ 5 ಯತ್ನ ಮುಗಿದರೆ ಕೈಚೆಲ್ಲುತ್ತದೆ, ಇನ್ನೂ ನೆಟ್‌ವರ್ಕ್ ಕಣ್ಣುಬಿಟ್ಟಿರುವುದಿಲ್ಲ. 'ಸ್ಟಾರ್ಟ್ ರಿಕ್ವೆಸ್ಟ್ ರಿಪೀಟೆಡ್ ಟೂ ಕ್ವಿಕ್ಲಿ' ಕಂಡರೆ ಇದೇ ಆಗಿದೆ. 'ರೀಸೆಟ್ ಫೇಲ್ಡ್' ಕೊಟ್ಟು ಮತ್ತೆ ಸ್ಟಾರ್ಟ್ ಮಾಡಿ.

ಹೆಜ್ಜೆ 5: ತಿದ್ದುವುದು

ಪ್ಯಾಕೇಜಿನ ಜೊತೆ ಬಂದ ಯೂನಿಟ್ ಫೈಲನ್ನು ಮುಟ್ಟಬೇಡಿ, ಮುಂದಿನ ಅಪ್‌ಡೇಟಿಗೆ ನಿಮ್ಮ ತಿದ್ದುಪಡಿ ಹೊಳೆಪಾಲು. 'ಸಿಸ್ಟಮ್‌ಸಿಟಿಎಲ್ ಎಡಿಟ್' ಕೊಟ್ಟರೆ ಪಕ್ಕದಲ್ಲಿ ಪುಟ್ಟ ಫೈಲು ತೆರೆಯುತ್ತದೆ, ಬೇಕಾದ ಎರಡು ಸಾಲು ಅಲ್ಲಿ ಬರೆಯಿರಿ. ಬೇರೆ ದಾರಿಯಲ್ಲಿ ತಿದ್ದಿದ್ದರೆ, ಎಫ್‌ಎಸ್‌ಟ್ಯಾಬ್ ತಿದ್ದಿದ್ದರೂ, 'ಡೀಮನ್ ರೀಲೋಡ್' ಕೊಡಿ.

ಯುಪಿಎಸ್ ಇದೆಯಲ್ಲ ಅನ್ನುವವರು ಒಮ್ಮೆ ಅದರ ಪ್ಲಗ್ ಕಿತ್ತು ನೋಡಿ. ಅಗ್ಗದ ಡಬ್ಬಗಳಲ್ಲಿ ಬ್ಯಾಟರಿ ಸತ್ತು ವರ್ಷವಾದರೂ ಹಸಿರು ದೀಪ ಉರಿಯುತ್ತಲೇ ಇರುತ್ತದೆ. ಕೊಳ್ಳುವುದಾದರೆ ಹಿಂದೆ ಯುಎಸ್‌ಬಿ ಪೋರ್ಟ್ ಇರುವುದನ್ನೇ ಕೊಳ್ಳಿ. ಬ್ಯಾಟರಿ ಇಳಿಯುವಾಗ ಸರ್ವರಿಗೆ ತಿಳಿಸಿ ಸರಿಯಾಗಿ ಶಟ್‌ಡೌನ್ ಮಾಡಿಸಬಹುದು.

ಹೆಜ್ಜೆ 6: ಬೇಕೆಂದೇ ರೀಬೂಟ್

ಈಗ ಮಾಡಿ ರೀಬೂಟ್, ಹರಾಜಿನ ಹೊತ್ತಲ್ಲಿ ಬೇಡ. ಎದ್ದ ಮೇಲೆ ಏನನ್ನೂ ಮುಟ್ಟದೆ ಎರಡು ನಿಮಿಷ ಬಿಟ್ಟು 'ಸಿಸ್ಟಮ್‌ಸಿಟಿಎಲ್ ಮೈನಸ್ ಮೈನಸ್ ಫೇಲ್ಡ್' ನೋಡಿ. ಕೆಡಿಸಿದ ಕಾರಣವನ್ನು ಹಾಗೇ ಇಟ್ಟುಕೊಂಡು ಪರೀಕ್ಷೆ ಮಾಡಬೇಕು. ಹುಡುಗ ಪೆನ್‌ಡ್ರೈವ್ ಕೀಳಲು ಕೈಚಾಚಿದ. ಬೇಡ, ಇರಲಿ ಎಂದೆ. ಅದು ಸಿಕ್ಕಿಕೊಂಡಿರುವಂತೆಯೇ ಎರಡು ಸಲ ರೀಬೂಟ್ ಮಾಡಿದೆವು. ಎರಡನೆಯ ಸಲ ಪೆನ್‌ಡ್ರೈವ್ ಮತ್ತೆ ಎಸ್‌ಡಿಬಿ ಆಗಿಯೇ ಕೂತಿತ್ತು, ಪ್ರಿಂಟರಿನಿಂದ ಅಚ್ಚು ಬೆಲ್ಲದ ಬಿಲ್ಲು ಕಿರ್ರೆಂದು ಹೊರಗೆ ಬರುತ್ತಿತ್ತು.